ಸೇವೆ ಅಂತ ನಕ್ಷೆ ಹಾಕಿಕೊಟ್ಟರೂ ಪಿಇ (ಲೈಸೆನ್ಸ್ ಪಡೆದ ಎಂಜಿನಿಯರ್) ಸೀಲ್ ಬೇಕಾ?

ತೊಲೆಕಂಬ (ಪ್ರಶ್ನೆ):
ಎಫ್‌ಇ (ಎಂಜಿನಿಯರಿಂಗ್ ಲೈಸೆನ್ಸ್‌ನ ಮೊದಲ ಪರೀಕ್ಷೆ) ಪಾಸಾಗಿ ಇಐಟಿ (ತರಬೇತಿ ಹಂತದ ಎಂಜಿನಿಯರ್) ಆಗಿದ್ದೇನೆ, ಸ್ಟ್ರಕ್ಚರಲ್‌ನಲ್ಲಿ ಮೂರು ವರ್ಷ ಅನುಭವ. ಅಮೆರಿಕದ ಒಂದು ನಾನ್‌ಪ್ರಾಫಿಟ್ ಸಂಸ್ಥೆಯ ಸಭಾಂಗಣಕ್ಕೆ ಮರದ ವೀಲ್‌ಚೇರ್ ರ‍್ಯಾಂಪ್ ಬೇಕಾಗಿದೆ. ನೆಲದಿಂದ ಹೊಸ್ತಿಲಿಗೆ 26 ಇಂಚು. "ಚಿಕ್ಕ ಕೆಲಸ, ನೀವೇ ಡ್ರಾಯಿಂಗ್ ಮಾಡಿಕೊಡಿ" ಅಂತಿದ್ದಾರೆ. ದುಡ್ಡು ತಗೊಳ್ಳದಿದ್ದರೂ ಲೈಸೆನ್ಸ್ ಬೇಕಾ? ಪಿಇ ಲೈಸೆನ್ಸ್‌ಗೆ ಬೇಕಾದ ನಾಲ್ಕು ವರ್ಷದ ಅನುಭವಕ್ಕೆ ಇದು ಸೇರುತ್ತಾ? ಯಾರಾದರೂ ಬಿದ್ದರೆ ಹೊಣೆ ಯಾರದು?

ಗಾರೆಗೆರೆ:
ಲೈಸೆನ್ಸ್ ಕಾನೂನು ಕೇಳುವುದು ನೀವು ಏನು ಮಾಡಿದಿರಿ ಅಂತ, ಎಷ್ಟು ತಗೊಂಡಿರಿ ಅಂತಲ್ಲ. ಬಿಟ್ಟಿ ಕೆಲಸ ಅನ್ನುವುದು ವಿನಾಯಿತಿ ಅಲ್ಲವೇ ಅಲ್ಲ. ಚಿಕ್ಕ ಮನೆಗಳಿಗೆ ಹಲವು ರಾಜ್ಯಗಳಲ್ಲಿ ರಿಯಾಯಿತಿ ಇದೆ ನಿಜ, ಆದರೆ ನಿಮ್ಮದು ಜನ ಸೇರುವ ಸಭಾಂಗಣ. ಮೊದಲು ಬಿಲ್ಡಿಂಗ್ ಡಿಪಾರ್ಟ್‌ಮೆಂಟಿಗೆ ಇಮೇಲ್ ಹಾಕಿ, ಪರ್ಮಿಟ್‌ಗೆ ಸೀಲ್ ಆದ ಡ್ರಾಯಿಂಗ್ ಬೇಕಾ ಅಂತ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಬೇಕು ಅಂದರೆ, ಅದೇ ರಾಜ್ಯದ ಲೈಸೆನ್ಸ್ ಇರುವ ಪಿಇ ಒಬ್ಬರನ್ನು ಮೊದಲ ದಿನದಿಂದಲೇ ಜೊತೆಗೆ ಇಟ್ಟುಕೊಳ್ಳಿ. ಪಕ್ಕದ ರಾಜ್ಯದ ಲೈಸೆನ್ಸ್ ಇಲ್ಲಿ ನಡೆಯಲ್ಲ, ಇಲ್ಲಿಯದನ್ನೂ ಅವರು ತಗೊಂಡಿರಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲ ಮುಗಿಸಿ ಕೊನೆಗೆ ಪರಿಚಯದ ಪಿಇ ಹತ್ತಿರ ಹೋಗಿ "ಒಂದು ಸೀಲ್ ಒತ್ತಿಕೊಡಿ ಸರ್" ಅನ್ನುತ್ತಾರೆ. ತಮ್ಮ ನಿಗಾದಲ್ಲಿ ಆಗದ ಡ್ರಾಯಿಂಗ್‌ಗೆ ಸೀಲ್ ಒತ್ತಿದರೆ ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡ್ ಅವರ ಲೈಸೆನ್ಸ್‌ಗೇ ಕೈ ಹಾಕಬಹುದು. ಲೋಡ್ (ಹೊರಬೇಕಾದ ಭಾರ) ತೀರ್ಮಾನ, ಲೆಕ್ಕದ ಪರಿಶೀಲನೆ, ತಿದ್ದುಪಡಿ, ಎಲ್ಲದಕ್ಕೂ ಅವರ ಟಿಪ್ಪಣಿ ತಾರೀಕಿನ ಸಮೇತ ಫೈಲಿನಲ್ಲಿ ಇರಲಿ.

ಒಂದು ಹಾಳೆ (ಇನ್ನೊಬ್ಬರ ಉತ್ತರ):
ಹೊಣೆಯ ವಿಷಯ. 1997ರ ವಾಲಂಟಿಯರ್ ಪ್ರೊಟೆಕ್ಷನ್ ಆಕ್ಟ್ ನಾನ್‌ಪ್ರಾಫಿಟ್‌ನ ಸ್ವಯಂಸೇವಕರನ್ನು ಸಾಮಾನ್ಯ ಅಜಾಗರೂಕತೆಯ ಹೊಣೆಯಿಂದ ಕಾಪಾಡುತ್ತದೆ, ಉದ್ದೇಶಪೂರ್ವಕ ತಪ್ಪು ಅಥವಾ ಘೋರ ನಿರ್ಲಕ್ಷ್ಯದಿಂದಲ್ಲ. ಆದರೆ ಷರತ್ತು ನೋಡಿ: ಆ ಕೆಲಸಕ್ಕೆ ಲೈಸೆನ್ಸ್ ಬೇಕಿದ್ದರೆ ಅದು ಇರಲೇಬೇಕು. ಅಂದರೆ ಲೈಸೆನ್ಸ್ ಇಲ್ಲದೆ ಡಿಸೈನ್ ಮಾಡಿದವರಿಗೆ, ರಕ್ಷಣೆ ಬೇಕಾದ ಹೊತ್ತಿಗೇ ಅದು ಸಿಗಲ್ಲ. ಕಾಯ್ದೆ ಸಂಸ್ಥೆಯನ್ನೂ ಕಾಪಾಡಲ್ಲ, ಕೇಸ್ ಹಾಕುವುದನ್ನೂ ತಡೆಯಲ್ಲ. ವಕೀಲರ ಖರ್ಚು ಇದ್ದೇ ಇರುತ್ತದೆ. ನೀವು ಕೆಲಸ ಮಾಡುವ ಕಂಪನಿಯ ಪ್ರೊಫೆಷನಲ್ ಲಯಬಿಲಿಟಿ ಇನ್ಶೂರೆನ್ಸ್ (ವೃತ್ತಿಯ ತಪ್ಪಿನ ಹೊಣೆಗೆ ವಿಮೆ) ಹೊರಗಿನ ಕೆಲಸಕ್ಕೂ ಬರುತ್ತದೆ ಅಂದುಕೊಳ್ಳಬೇಡಿ. ಮ್ಯಾನೇಜರ್ ಹತ್ತಿರ ಬರಹದಲ್ಲಿ ಒಪ್ಪಿಗೆ ತಗೊಂಡು, ಸಂಸ್ಥೆಯ ಪಾಲಿಸಿ ಡಿಸೈನ್ ಕೆಲಸವನ್ನು ಹೊರಗಿಟ್ಟಿದೆಯೇ ಅಂತ ಓದಿ ನೋಡಿ. ಸಾಧಾರಣವಾಗಿ ಇಟ್ಟಿರುತ್ತದೆ.

ಅನುಭವದ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಫುಲ್‌ಟೈಮ್ ಕೆಲಸದ ಜೊತೆಗೆ ಮಾಡಿದರೆ ಒಂದು ವರ್ಷದಲ್ಲಿ ಒಂದು ವರ್ಷವೇ ಲೆಕ್ಕ, ಬೇಕಾದ ನಾಲ್ಕು ವರ್ಷ ಮೂರಾಗಲ್ಲ. ಲಾಭ ಬೇರೆ ಕಡೆ ಇದೆ. ಎನ್‌ಸಿಇಇಎಸ್ (ರಾಜ್ಯಗಳ ಲೈಸೆನ್ಸ್ ಬೋರ್ಡ್‌ಗಳ ಒಕ್ಕೂಟ) ಇಡುವ ನಿಮ್ಮ ಅರ್ಹತೆಯ ರೆಕಾರ್ಡ್‌ಗೆ ಐದು ರೆಫರೆನ್ಸ್ ಬೇಕು, ಅದರಲ್ಲಿ ಮೂವರು ಪಿಇ. ಆಫೀಸಿನ ಹೊರಗೆ ನಿಮ್ಮ ಕೆಲಸ ಹತ್ತಿರದಿಂದ ನೋಡಿದ ಒಬ್ಬ ಪಿಇ ಸಿಕ್ಕರೆ ಅದು ಸಣ್ಣ ಮಾತಲ್ಲ.

ತೊಲೆಕಂಬ:
ಥ್ಯಾಂಕ್ಸ್. ಪಿಇ ಒಬ್ಬರು ಒಪ್ಪಿದ್ದಾರೆ. 1:12 ಇಳಿಜಾರು (1 ಇಂಚು ಏರಲು 12 ಇಂಚು ಉದ್ದ), ಅಂದರೆ 26 ಅಡಿ ಉದ್ದ ಸರಿಯೇ?

ಗಾರೆಗೆರೆ:
ಕಾಗದದ ಮೇಲೆ ಸರಿ, ಸೈಟ್‌ನಲ್ಲಿ ಫೇಲ್. ಎಡಿಎ (ಅಂಗವಿಕಲರ ಹಕ್ಕುಗಳ ಅಮೆರಿಕದ ಕಾಯ್ದೆ) ಪ್ರಕಾರ 1:12 ಗುರಿಯಲ್ಲ, ಗರಿಷ್ಠ ಮಿತಿ. ಜಾಯಿಸ್ಟ್ (ಹಲಗೆ ಹೊರುವ ತೊಲೆ) ಅರ್ಧ ಇಂಚು ಆಚೀಚೆ ಆದರೂ ಒಂದು ಕಡೆ ಮಿತಿ ದಾಟುತ್ತದೆ. 1:14 ಹಿಡಿಯಿರಿ: 30 ಅಡಿ 4 ಇಂಚು, ಜೊತೆಗೆ ಮೇಲೂ ಕೆಳಗೂ 60 ಇಂಚಿನ ಲ್ಯಾಂಡಿಂಗ್ (ಸಮತಟ್ಟಾದ ಜಾಗ), ಒಟ್ಟು 40 ಅಡಿಗೂ ಮೀರುತ್ತದೆ. ಜಾಗ ಸಾಲದೆ ತಿರುವು ಕೊಟ್ಟರೆ ತಿರುವಿನಲ್ಲಿ 60×60 ಇಂಚು ಬೇಕು. ಒಂದೇ ಓಟದಲ್ಲಿ 30 ಇಂಚಿನವರೆಗೆ ಏರಬಹುದು, ಹಾಗಾಗಿ ನಡುವೆ ಲ್ಯಾಂಡಿಂಗ್ ಕಡ್ಡಾಯವಲ್ಲ. ಎರಡೂ ಬದಿಗೆ ಹ್ಯಾಂಡ್‌ರೇಲ್, 34ರಿಂದ 38 ಇಂಚು ಎತ್ತರ, ನಡುವಿನ ಅಗಲ ಕನಿಷ್ಠ 36 ಇಂಚು. ಬಾಗಿಲು ನಿಮ್ಮ ಕಡೆಗೆ ತೆರೆಯುವುದಾದರೆ ಹಿಡಿಕೆಯ ಪಕ್ಕ 18 ಇಂಚು ಖಾಲಿ ಬಿಡಲು ಮರೆಯಬೇಡಿ. ಮೇಲಿನ ಲ್ಯಾಂಡಿಂಗ್ ಹೆಚ್ಚಾಗಿ ಕೆಡುವುದು ಇದರಿಂದಲೇ.

ಒಂದು ಹಾಳೆ:
ರೇಲಿಂಗ್ ಪೋಸ್ಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಲೋಡ್ 200 ಪೌಂಡ್, ಯಾವ ದಿಕ್ಕಿಗಾದರೂ. ರೇಲ್ 36 ಇಂಚು ಮೇಲೆ, ಮೇಲಿನ ಬೋಲ್ಟ್ ಡೆಕ್‌ನಿಂದ 2 ಇಂಚು ಕೆಳಗೆ, ಎರಡು ಬೋಲ್ಟ್ ನಡುವೆ 5 ಇಂಚು ಅಂದುಕೊಳ್ಳಿ. ಕೆಳಗಿನ ಬೋಲ್ಟ್ ಸುತ್ತ ಮೊಮೆಂಟ್ (ತಿರುಗಿಸುವ ಬಲ) 200×43 (36+2+5) = 8,600 ಪೌಂಡ್-ಇಂಚು. ಅದನ್ನು 5 ಇಂಚಿನಿಂದ ಭಾಗಿಸಿದರೆ ಮೇಲಿನ ಬೋಲ್ಟ್ ಮೇಲಿನ ಎಳೆತ 1,720 ಪೌಂಡ್! ರಿಮ್ ಜಾಯಿಸ್ಟ್‌ಗೆ (ಅಂಚಿನ ತೊಲೆಗೆ) ಎರಡು ಲ್ಯಾಗ್ ಸ್ಕ್ರೂ (ಮರದ ದಪ್ಪ ಸ್ಕ್ರೂ) ತಿರುಗಿಸಿಬಿಟ್ಟರೆ ರಿಮ್ ಹಲಗೆಯೇ ಕಿತ್ತು ಬರುತ್ತದೆ. ಮರದ ಈ ಬದಿಯಿಂದ ಆ ಬದಿಗೆ ತೂರುವ ಬೋಲ್ಟ್ ಹಾಕಿ, ಹಿಂದಿನ ಜಾಯಿಸ್ಟ್‌ಗೆ ಸ್ಟೀಲ್ ಟೆನ್ಷನ್ ಟೈ (ಎಳೆತ ತಡೆಯುವ ಕಟ್ಟು) ಕಟ್ಟಿಸಿ. ಪೋಸ್ಟ್‌ನ ಬುಡ ಕೊರೆದು ಕೂರಿಸುವುದು ಬೇಡವೇ ಬೇಡ.

ಸ್ವಯಂಸೇವಕರು ಕಟ್ಟುತ್ತಾರಾದ್ದರಿಂದ ಈ ಡೀಟೇಲನ್ನು ದೊಡ್ಡ ಸ್ಕೇಲ್‌ನಲ್ಲಿ ಪ್ರತ್ಯೇಕ ಶೀಟ್‌ಗೆ ಹಾಕಿ. ಹಲಗೆ ಹೊಡೆಯುವ ಮೊದಲು, ಟೈಗಳು ಕಣ್ಣಿಗೆ ಕಾಣುವಾಗಲೇ, ಪಿಇ ಬಂದು ನೋಡಲಿ. ಹಲಗೆ ಬಿದ್ದ ಮೇಲೆ 2 ಅಡಿಯ ಡಿಜಿಟಲ್ ಲೆವೆಲ್ ಹಿಡಿದು ಉದ್ದಕ್ಕೂ ಅಳೆಯಿರಿ, ಶೇ. 8.33 (ಅಂದರೆ 1:12) ದಾಟಿದ ಕಡೆ ಹಲಗೆ ತೆಗೆದು ಜಾಯಿಸ್ಟ್ ಸರಿಮಾಡಲೇಬೇಕು.