ತಲೆಬುರುಡೆಯ ಚಿತ್ರಗಳ ಮೇಲೆ ಪ್ರೀತಿ ಹುಟ್ಟಿದೆ, ಎಲ್ಲಿಂದ ಶುರು ಮಾಡಲಿ?

ಕುಂಬಳೆಯಿಂದ ಕೇಳಿದ್ದು

ಡಿಗ್ರಿ ಮೊದಲ ವರ್ಷದಲ್ಲಿದ್ದೇನೆ. ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ವಾರ್‌ಹ್ಯಾಮರ್ 40,000 ಎಂಬ ಯುದ್ಧದಾಟದ ಚಿತ್ರಗಳನ್ನು ಫೋನಿನಲ್ಲಿ ನೋಡಿ ನೋಡಿ ಈಗ ಬಿಡಲಿಕ್ಕೇ ಆಗುತ್ತಿಲ್ಲ. ಬೆನ್ನ ಮೇಲೆ ಇಗರ್ಜಿಯ ಗೋಪುರಗಳನ್ನು ಹೊತ್ತು ನಕ್ಷತ್ರಗಳ ನಡುವೆ ಹೋಗುವ ಹಡಗುಗಳು, ಕೆಂಪು ನಿಲುವಂಗಿಯ ಯಂತ್ರ ಪುರೋಹಿತರು, ಎಲ್ಲಿ ನೋಡಿದರೂ ತಲೆಬುರುಡೆ. ಆಡಲು ಇಲ್ಲಿ ಜೊತೆ ಇಲ್ಲ, ಬೊಂಬೆಗಳ ಬೆಲೆ ಕೈಗೆಟಕುವುದಿಲ್ಲ, ಕತೆ ಓದಲು ಹೊರಟರೆ ಕೊನೆ ಮೊದಲಿಲ್ಲ. ಒಂದು ಚಿತ್ರ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದಕ್ಕೆ ಅಜ್ಜಿ "ಮನೆಯೊಳಗೆ ಸ್ಮಶಾನ ಯಾಕೆ ಮಗಾ" ಎಂದು ಬೇಸರ ಮಾಡಿಕೊಂಡರು. ಆಟ ಆಡದೆ ಚಿತ್ರ, ಕತೆ ಮಾತ್ರ ಇಷ್ಟಪಟ್ಟರೆ ಸಾಕಾ? ಇದರಲ್ಲಿ ಇರುವವರು ಅನುಭವ ಹೇಳಿ.

ಬದಿಯಡ್ಕದಿಂದ

ತಮ್ಮಾ, ನಾನು ಹದಿನಾಲ್ಕು ವರ್ಷದಿಂದ ಇದರಲ್ಲಿದ್ದೇನೆ. ಆಡಿದ್ದು ಮೂರೇ ಸಲ, ಅದೂ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ. ಉಳಿದದ್ದೆಲ್ಲ ನೋಡಿದ್ದು, ಓದಿದ್ದು, ನೋಟ್‌ಬುಕ್ಕಿನಲ್ಲಿ ಬಿಡಿಸಿದ್ದು. ಯಕ್ಷಗಾನದ ಆಟ ನೋಡಲು ಹೋಗುವವರೆಲ್ಲ ಗೆಜ್ಜೆ ಕಟ್ಟಿದವರಾ? ಸಾಕು, ಧಾರಾಳ ಸಾಕು.

ನನ್ನ ಸೋದರಮಾವ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ ಮಾಡುತ್ತಿದ್ದರು. ಸಣ್ಣವನಿದ್ದಾಗ ವೇಷ ಕಟ್ಟುವ ಚೌಕಿಯಲ್ಲಿ ಅವರ ಎದುರು ಕೂತುಬಿಡುತ್ತಿದ್ದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಕೆನ್ನೆಯ ಮೇಲೆ ಸಾಲುಸಾಲಾಗಿ ಚುಟ್ಟಿ ಇಡುವುದು, ಒಣಗುವವರೆಗೆ ಕಾಯುವುದು, ಅದರ ಮೇಲೆ ಮತ್ತೆ ಇಡುವುದು. ಗಂಟೆಗಟ್ಟಲೆ ಕೆಲಸ. ಆಮೇಲೆ ನಡುರಾತ್ರಿ ಸಭೆಯ ಹಿಂದಿನಿಂದ ದೊಂದಿ, ರಾಳದ ಬೆಂಕಿ, ಅಟ್ಟಹಾಸ. ಮಕ್ಕಳು ಅಮ್ಮನ ಸೆರಗಿನೊಳಗೆ. ನನಗೂ ಹೆದರಿಕೆ ಆಗುತ್ತಿತ್ತು, ಆದರೆ ಹೆದರುತ್ತಲೇ ಆ ಮುಖದ ಚುಕ್ಕಿಗಳನ್ನು ಹತ್ತಿರದಿಂದ ನೋಡುವ ಆಸೆ.

ಜಾನ್ ಬ್ಲಾಂಚ್ ಅವರ ಚಿತ್ರ ಮೊದಲ ಸಲ ಕಂಡಾಗ ಅದೇ ಆಸೆ ಮರಳಿ ಬಂತು. ಈ ಆಟ ಮಾಡುವ ಗೇಮ್ಸ್ ವರ್ಕ್‌ಶಾಪ್‌ನಲ್ಲಿ ಅವರು ದಶಕಗಳ ಕಾಲ ಕಲಾ ನಿರ್ದೇಶಕರಾಗಿದ್ದವರು. ಫಾರ್ಟಿ ಕೆ (ವಾರ್‌ಹ್ಯಾಮರ್ 40,000ಕ್ಕೆ ನಾವು ಕರೆಯುವ ಚಿಕ್ಕ ಹೆಸರು) ಎಂದರೆ ಇಂದು ಕಣ್ಣಿಗೆ ಕಟ್ಟುವ ರೂಪದ ಬಹುಪಾಲು ಅವರ ಕೈಯಿಂದ ಬಂದದ್ದು. ಬಣ್ಣಗಳನ್ನು ಗಮನಿಸು. ಕಂದು, ಮಣ್ಣಿನ ಹಳದಿ, ಕಡುಗೆಂಪು, ಮೇಲೆ ಕಪ್ಪು ಶಾಯಿಯ ಗೀರು. ಮಾವನ ಪೆಟ್ಟಿಗೆಯಲ್ಲಿದ್ದದ್ದೂ ಇವೇ: ಹಳದಿಗೆ ಅರದಾಳ, ಕೆಂಪಿಗೆ ಇಂಗಳಿಕ, ಕಪ್ಪಿಗೆ ಕಾಡಿಗೆ. ಬ್ಲಾಂಚ್ ಅವರ ಬೇರು ರೆಂಬ್ರಾಂಟ್, ಬಾಷ್ ಮುಂತಾದ ಯುರೋಪಿನ ಹಳೆಯ ಚಿತ್ರಕಾರರಲ್ಲಿ ಇರುವುದು, ನಮ್ಮ ಚೌಕಿಯಲ್ಲಲ್ಲ. ಆದರೆ ಭಯವನ್ನು ಅಲಂಕಾರದಿಂದ ಕಟ್ಟುವುದು ಹೇಗೆ ಎಂಬ ವಿದ್ಯೆ ಎರಡೂ ಕಡೆ ಒಂದೇ. ಅವರ ಚಿತ್ರದಲ್ಲಿ ಖಾಲಿ ಜಾಗವೇ ಇಲ್ಲ. ಮೇಣದ ಬತ್ತಿ, ಕೊಳವೆ, ಮೊಳೆ, ಪ್ರಾರ್ಥನೆ ಬರೆದ ಚೀಟಿ, ಬುರುಡೆ. ಕಣ್ಣಿಗೆ ಕೂರಲು ಜಾಗ ಕೊಡದೆ ಓಡಿಸುತ್ತಾರೆ.

ಹಾಗಾಗಿ ನನ್ನ ಸಲಹೆ ಇಷ್ಟೇ: ಕತೆಯಿಂದ ಶುರು ಮಾಡಬೇಡ, ಒಂದೇ ಒಂದು ಚಿತ್ರದಿಂದ ಮಾಡು. ಚಿನ್ನದ ಸಿಂಹಾಸನದ ಮೇಲೆ ಚಕ್ರವರ್ತಿ ಕೂತಿರುವ ಬ್ಲಾಂಚ್ ಅವರ ಚಿತ್ರ ಹುಡುಕು. ಯಂತ್ರಗಳ ರಾಶಿಯೊಳಗೆ ಒಣಗಿಹೋದ ದೇಹ. ಅದರಲ್ಲಿ ಎರಡು ಇಂಚು ಜಾಗ ಆರಿಸಿ ಪೆನ್ನಿನಲ್ಲಿ ನಕಲು ಮಾಡು. ಒಂದು ವಾರ ಬೇಕಾಗಬಹುದು. ನನಗೆ ಹನ್ನೊಂದು ದಿನ ಹಿಡಿಯಿತು. ಆಮೇಲೆ 1987ರಲ್ಲಿ ಬಂದ ಮೊದಲ ನಿಯಮಪುಸ್ತಕದ ಮುಖಪುಟ, ಜಾನ್ ಸಿಬ್ಬಿಕ್ ಬರೆದದ್ದು. ಕ್ರಿಮ್ಸನ್ ಫಿಸ್ಟ್ಸ್ ಪಡೆಯ ಯೋಧರು ಬೆನ್ನಿಗೆ ಬೆನ್ನು ಕೊಟ್ಟು ಕೊನೆಯ ಹೋರಾಟ ಮಾಡುತ್ತಿದ್ದಾರೆ. ಗೆಲ್ಲುವ ಸೂಚನೆ ಎಲ್ಲೂ ಇಲ್ಲ. ಆಟವೊಂದು ಸೋಲುವವರ ಚಿತ್ರವನ್ನು ಹೊದಿಕೆಯ ಮೇಲೆ ಹಾಕಿಕೊಂಡು ಬಂತಲ್ಲ, ಆ ಧೈರ್ಯ ನನಗೆ ಇವತ್ತಿಗೂ ದೊಡ್ಡದು.

ಕೈ ಚಿತ್ರ ಬಿಡಿಸುತ್ತಿದ್ದ ಹಾಗೆ ಪ್ರಶ್ನೆಗಳು ತಾನಾಗಿ ಏಳುತ್ತವೆ. ಇವನು ಯಾರು? ಯಾಕೆ ಹೀಗೆ ಕೂತಿದ್ದಾನೆ? ಅಲ್ಲಿಂದ ಕತೆಗೆ ಇಳಿ. ತನ್ನನ್ನು ದೇವರೆಂದು ಪೂಜಿಸಬೇಡಿ ಎಂದು ಸಾರಿದ ಚಕ್ರವರ್ತಿ ಅವನು. ಮಗನಂತಿದ್ದ ಹೋರಸ್ ತಿರುಗಿಬಿದ್ದ ಯುದ್ಧದಲ್ಲಿ ಗಾಯಗೊಂಡು ಹತ್ತು ಸಾವಿರ ವರ್ಷಗಳಿಂದ ಬದುಕೂ ಅಲ್ಲದ ಸಾವೂ ಅಲ್ಲದ ಸ್ಥಿತಿಯಲ್ಲಿದ್ದಾನೆ. ಅವನನ್ನೇ ದೇವರು ಮಾಡಿ, ಅವನ ಹೆಸರಿನಲ್ಲಿ ದಿನಕ್ಕೆ ಸಾವಿರ ಜನರನ್ನು ಬಲಿ ಕೊಡುತ್ತಿದ್ದಾರೆ. ಇದನ್ನು ಅಮ್ಮನಿಗೆ ಅಡಿಕೆ ಸುಲಿಯುತ್ತಾ ಹೇಳಿದ್ದೆ. ಅವರು ಕೈ ನಿಲ್ಲಿಸಿ, "ಶರಶಯ್ಯೆಯಲ್ಲಿದ್ದ ಭೀಷ್ಮರಿಗಾದರೂ ಉತ್ತರಾಯಣ ಬಂತು. ಇವನಿಗೆ ಅದೂ ಇಲ್ಲ" ಎಂದರು. ಎಷ್ಟೋ ಓದಿದ ನನಗೆ ಅಷ್ಟು ಚೆನ್ನಾಗಿ ಹೇಳಲು ಬಂದಿಲ್ಲ. ನಿನ್ನ ಅಜ್ಜಿಗೂ ಚಿತ್ರ ತೋರಿಸುವ ಮೊದಲು ಕತೆ ಹೇಳಿ ನೋಡು. ಅಲ್ಲಿಯವರೆಗೆ ಚಿತ್ರ ಕಪಾಟಿನ ಬಾಗಿಲ ಒಳಬದಿಯಲ್ಲಿರಲಿ.

ನೀನು ಹೇಳಿದ ಕೆಂಪು ನಿಲುವಂಗಿಯವರು ಅಡೆಪ್ಟಸ್ ಮೆಕ್ಯಾನಿಕಸ್, ಮಂಗಳ ಗ್ರಹದವರು. ಯಂತ್ರಕ್ಕೆ ಧೂಪ ಹಾಕಿ, ಎಣ್ಣೆ ಸವರಿ, ಮಂತ್ರ ಹೇಳಿ ಚಾಲೂ ಮಾಡುತ್ತಾರೆ. ಆಯುಧಪೂಜೆಯ ದಿನ ಪಂಪ್‌ಸೆಟ್ಟಿಗೆ ಕುಂಕುಮ ಹಚ್ಚುವ ನಮಗೆ ಇದು ಕೂಡಲೇ ಅರ್ಥವಾಗುತ್ತದೆ. ಆದರೆ ಪಂಪ್ ಕೆಟ್ಟರೆ ಬಿಚ್ಚಿ ರಿಪೇರಿ ಮಾಡಲು ನಮಗೆ ಗೊತ್ತುಂಟು. ಅವರಲ್ಲಿ ಹೊಸತು ಹುಡುಕುವುದೇ ಅನುಮಾನಕ್ಕೆ ಕಾರಣ. ಹಿಂದಿನವರ ನಕ್ಷೆ ಸಿಕ್ಕೀತೇ ಎಂದು ಯುದ್ಧ ಮಾಡುತ್ತಾ ತಿರುಗುತ್ತಾರೆ. ಅರಿವು ಹೋಗಿ ಆಚರಣೆ ಉಳಿದ ಲೋಕ ಅದು. ಈ ಕತೆಯಲ್ಲಿ ನನ್ನನ್ನು ಅತ್ಯಂತ ಕಾಡುವುದು ಇದೇ.

ಒಂದು ಎಚ್ಚರ. ಆ ಚಕ್ರವರ್ತಿಯ ಸಾಮ್ರಾಜ್ಯವನ್ನು ಆದರ್ಶವೆಂದು ಹೊಗಳುವ ಕೆಲವರು ನಿನಗೆ ಸಿಗುತ್ತಾರೆ. ಅದು ದ್ವೇಷದಿಂದ ನಡೆಯುವ ಕ್ರೂರ ರಾಜ್ಯ, ವಿಡಂಬನೆಗಾಗಿ ಕಟ್ಟಿದ್ದು ಎಂದು ಕಂಪನಿಯೇ 2021ರಲ್ಲಿ ಬಹಿರಂಗವಾಗಿ ಹೇಳಿದೆ. ಬಣ್ಣದ ವೇಷದ ಕಲೆಯನ್ನು ಮೆಚ್ಚುವವರು ರಾವಣನ ಕೃತ್ಯವನ್ನು ಮೆಚ್ಚಬೇಕಾಗಿಲ್ಲ.

ಎಣ್ಮಕಜೆಯಿಂದ

ಬದಿಯಡ್ಕದ ಅಣ್ಣ ಹೇಳಿದ್ದು ಎಲ್ಲ ಒಪ್ಪಿಗೆ. ನನ್ನದು ಬೇರೆಯೇ ಒಂದು ಅನುಭವ.

ಈ ಲೋಕದಲ್ಲಿ ಕೇಡಿನ ದೇವತೆಗಳು ನಾಲ್ಕು. ಅದರಲ್ಲಿ ನರ್ಗಲ್ ರೋಗದ ಒಡೆಯ. ಭಕ್ತರು ಅವನನ್ನು ಪ್ರೀತಿಯಿಂದ ಅಜ್ಜ ಎನ್ನುತ್ತಾರೆ. ಊದಿದ ಹೊಟ್ಟೆ, ಕೊಳೆತ ಚರ್ಮ, ಮುಖದಲ್ಲಿ ನಗು. ಬಣ್ಣ ಹಚ್ಚುವವರಿಗೆ ಈ ಬೊಂಬೆಗಳೆಂದರೆ ಬಹಳ ಇಷ್ಟ. ನನಗೂ ಗೆಳೆಯನೊಬ್ಬ ಒಂದು ಕೊಟ್ಟ. ಹಚ್ಚಲು ಆಗಲಿಲ್ಲ. ನಮ್ಮ ಊರಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಿದ್ದಾರೆ. ನನ್ನದೇ ಪ್ರಾಯದ ಒಬ್ಬಳು ಪಕ್ಕದ ಮನೆಯಲ್ಲಿ ಹಾಸಿಗೆಯಿಂದ ಎದ್ದವಳಲ್ಲ. ಅವಳ ಅಮ್ಮ ನಮ್ಮ ಜಗಲಿಗೆ ಬಂದು ಕೂತಾಗ ಆ ಬೊಂಬೆ ಮೇಜಿನ ಮೇಲಿರುವುದು ನನಗೆ ಸರಿ ಕಾಣಲಿಲ್ಲ. ವಾಪಸು ಕೊಟ್ಟೆ.

ಆದರೆ ಕತೆ ಓದಿದೆ. ನರ್ಗಲ್ ಹಿಡಿಯುವುದು ಹತಾಶರನ್ನು. ಡೆತ್ ಗಾರ್ಡ್ ಎಂಬ ಸೇನೆ ನಕ್ಷತ್ರಗಳಾಚೆಯ ಮಾಯಾಸಮುದ್ರದಲ್ಲಿ ದಿಕ್ಕು ತಪ್ಪಿ, ಒಳಗೆ ರೋಗ ಹಬ್ಬಿ, ನರಳಾಟ ತಡೆಯಲಾಗದೆ ಅವರ ನಾಯಕ ಮೊರ್ಟೇರಿಯನ್ ಶರಣಾಗುತ್ತಾನೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶರಣಾಗದೆ ಇಪ್ಪತ್ತು ಮೂವತ್ತು ವರ್ಷ ಮಕ್ಕಳನ್ನು ಎತ್ತಿ ಸಾಕಿದ ಅಮ್ಮಂದಿರು ನಮ್ಮ ಓಣಿಯಲ್ಲೇ ಇದ್ದಾರೆ. ಕತೆಯ ಯಾವ ಭಾಗ ನಿನ್ನದು, ಯಾವುದು ಅಲ್ಲ ಎಂದು ನೀನೇ ಆರಿಸಿಕೋ. ಎಲ್ಲವನ್ನೂ ಇಷ್ಟಪಡಬೇಕು ಅಂತ ಇಲ್ಲ.

ಉಪ್ಪಳದಿಂದ

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ದೊಡ್ಡ ಪೆಟ್ಟಿಗೆ ತೆಗೆಯಬೇಡಿ. ನಾವು ಮೂವರು ಸೇರಿ ಒಂದು ಪೆಟ್ಟಿಗೆ ತರಿಸಿ ಹಂಚಿಕೊಂಡೆವು. ಒಬ್ಬೊಬ್ಬರಿಗೆ ಸಿಕ್ಕಿದ ಮೂರ್ನಾಲ್ಕು ಬೊಂಬೆ ಒಂದು ವರ್ಷಕ್ಕೆ ಸಾಕಾಯಿತು. ಬಣ್ಣಕ್ಕೆ ಕ್ಯಾಮ್ಲಿನ್ ಅಕ್ರಿಲಿಕ್ ನಡೆಯುತ್ತದೆ, ನೀರು ಸೇರಿಸಿ ತೆಳುವಾಗಿ ಎರಡು ಸಲ ಹಚ್ಚಬೇಕು. ಕೊನೆಗೆ ಕಡುಕಂದು ಬಣ್ಣವನ್ನು ಚಹಾದಷ್ಟು ತೆಳು ಮಾಡಿ ಮೇಲಿಂದ ಹರಿಸಿದರೆ ಸಂದುಗಳಲ್ಲಿ ಕೂತು ಬ್ಲಾಂಚ್ ಅವರ ಆ ಹಳೆಯ ಕಂದು ಬರುತ್ತದೆ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಮುಟ್ಟಬೇಡಿ, ನಮ್ಮ ಕಡೆಯ ತೇವಕ್ಕೆ ಮೇಲ್ಮೈ ಮರಳುಮರಳಾಗುತ್ತದೆ. ಕುಂಚದಲ್ಲೇ ಹಚ್ಚಿ. ಆಡುವ ಮನಸ್ಸಾದರೆ, 2023ರಲ್ಲಿ ಬಂದ ಹತ್ತನೇ ಆವೃತ್ತಿಯ ಮೂಲ ನಿಯಮಗಳನ್ನು ಕಂಪನಿಯೇ ಪುಕ್ಕಟೆ ಕೊಟ್ಟಿತ್ತು.

ಇನ್ನು ಬೊಂಬೆಯ ಕಾಲಡಿಗೆ ಮಂಗಳ ಗ್ರಹದ ಕೆಂಪು ನೆಲ. ಅದಕ್ಕಾಗಿ ಅಂಗಡಿಯಿಂದ ಡಬ್ಬಿ ತರುವ ಅಗತ್ಯವೇ ಇಲ್ಲ. ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಕೆತ್ತಿದ ಪುಡಿ ಯಾವ ಮನೆ ಕಟ್ಟುವಲ್ಲಿಯೂ ಸಿಗುತ್ತದೆ. ಬಿಸಿಲಿಗೆ ಒಣಗಿಸಿ, ಹಳೆಯ ಚಹಾ ಸೋಸುವ ಜರಡಿಯಲ್ಲಿ ಸೋಸಿ, ಬೊಂಬೆಯ ತಳಕ್ಕೆ ಫೆವಿಕಾಲ್ ಹಚ್ಚಿ ಉದುರಿಸಿ. ಒಣಗಿದ ಮೇಲೆ ಸಡಿಲ ಪುಡಿ ಊದಿ ತೆಗೆದು, ನೀರು ಬೆರೆಸಿದ ಫೆವಿಕಾಲ್ ಇನ್ನೊಂದು ಸಲ ತೊಟ್ಟಿಕ್ಕಿಸಿ. ಬಣ್ಣ ಹಚ್ಚಬೇಕಾಗಿಯೇ ಇಲ್ಲ.