ಪಾಪರ್ ಅರ್ಜಿ (ದಿವಾಳಿ ಎಂದು ಕೋರ್ಟಿಗೆ ಕೊಡುವ ಅರ್ಜಿ) ಹಾಕಿದರೆ ಸಾಲ ಎಲ್ಲ ಹೋಗ್ತದಾ?

ಕಲ್ಸಂಕ_ಉಡುಪಿ:
ಭಾವನವರದ್ದು ಉಡುಪಿಯಲ್ಲಿ ಬಟ್ಟೆ ಅಂಗಡಿ. ಕಂತು ಕಟ್ಟಲು ಈಗ ಆಗುತ್ತಿಲ್ಲ. ಬ್ಯಾಂಕಿನ ಗೃಹಸಾಲ ಉಂಟು, ಸೊಸೈಟಿಯಲ್ಲಿ ಚಿನ್ನ ಅಡವಿಟ್ಟ ಸಾಲ ಒಂದು, ಇಬ್ಬರ ಜಾಮೀನಿನ ಮೇಲೆ ತೆಗೆದದ್ದು ಇನ್ನೊಂದು. ಎರಡು ಕ್ರೆಡಿಟ್ ಕಾರ್ಡ್, ಮತ್ತೆ ಚೆಕ್ ಕೊಟ್ಟು ತಂದ ಕೈಸಾಲ. "ಪಾಪರ್ ಅರ್ಜಿ ಹಾಕಿ, ಮರುದಿನದಿಂದ ಯಾರೂ ಕೇಳುವ ಹಾಗಿಲ್ಲ" ಅನ್ನುತ್ತಾರೆ ಕೆಲವರು. "ಮೊದಲು ಕಾಪುವಿನ ಜಾಗ ಅಕ್ಕನ ಹೆಸರಿಗೆ ದಾನಪತ್ರ ಮಾಡಿಸಿ" ಅಂತ ಇನ್ನು ಕೆಲವರು. ಹೊಸ ಐಬಿಸಿ ಕಾಯ್ದೆಯಲ್ಲಿ ಸಾಲ ಪೂರ್ತಿ ಮನ್ನಾ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಯಾವುದು ಸರಿ? ಮಕ್ಕಳಿಗೆ ಮುಂದೆ ತೊಂದರೆ ಉಂಟಾ?

ಹಂಪನಕಟ್ಟೆ_ಕೋರ್ಟುರಸ್ತೆ:
ದಾನಪತ್ರ ಮಾತ್ರ ದಯವಿಟ್ಟು ಮಾಡಿಸಬೇಡಿ. ಕಾರಣ ಕೆಳಗೆ ಬರೆದಿದ್ದೇನೆ.

ಐಬಿಸಿ ಎಂದರೆ 2016ರ ದಿವಾಳಿ ಸಂಹಿತೆ. ವ್ಯಕ್ತಿಗಳ ಬಗ್ಗೆ ಅದರಲ್ಲಿ ಒಂದು ಭಾಗ ಇರುವುದು ನಿಜ. ಆದರೆ 2019ರ ಡಿಸೆಂಬರ್ 1ರಿಂದ ಆ ಭಾಗ ಜಾರಿಗೆ ಬಂದದ್ದು ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಅಂಗಡಿಯವರಿಗೂ ಸಂಬಳದವರಿಗೂ ಅದು ಅನ್ವಯಿಸುವುದಿಲ್ಲ. ವಿಡಿಯೋದಲ್ಲಿ ಹೇಳುವ 'ಫ್ರೆಶ್ ಸ್ಟಾರ್ಟ್', ಅಂದರೆ ತೀರಾ ಬಡವರ ಸಣ್ಣ ಸಾಲ ಬಿಡಿಸುವ ಕ್ರಮ, ಜಾರಿಯಲ್ಲಿ ಇದ್ದಿದ್ದರೂ ನಿಮ್ಮ ಭಾವನವರಿಗೆ ಸಿಗುತ್ತಿರಲಿಲ್ಲ. ಅದಕ್ಕೆ ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರಬಾರದು, ಸ್ವಂತ ಮನೆಯೂ ಇರಬಾರದು.

ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಿಗೆ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಮುಂಬೈ ನಗರಕ್ಕೆ 1909ರ ಬೇರೆಯೇ ಕಾಯ್ದೆ, ಆದ್ದರಿಂದ ಮುಂಬೈಯ ಸಂಬಂಧಿಕರು ಹೇಳುವ ಕ್ರಮ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಸರಕಾರ ಈ ಅಧಿಕಾರ ಕೊಟ್ಟ ಕೆಳಗಿನ ನ್ಯಾಯಾಲಯಕ್ಕೆ. ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ ಅದರಲ್ಲಿ ಬರಬೇಕು. ಆಸ್ತಿಯನ್ನು ಬೆಲೆಯ ಸಮೇತ ತೋರಿಸಬೇಕು, ಕುಟುಂಬದ ಜಾಗದಲ್ಲಿ ಪಾಲಾಗದೆ ಉಳಿದ ಹಕ್ಕನ್ನೂ ಬಿಡುವಂತಿಲ್ಲ. ಅದನ್ನೆಲ್ಲ ನ್ಯಾಯಾಲಯಕ್ಕೆ ಒಪ್ಪಿಸಲು ತಯಾರು ಎಂದು ಬರೆದುಕೊಡಬೇಕು. ಒಮ್ಮೆ ಹಾಕಿದ ಅರ್ಜಿಯನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಹಿಂದೆ ತೆಗೆಯಲಿಕ್ಕೂ ಆಗುವುದಿಲ್ಲ.

'ಮರುದಿನದಿಂದ ರಕ್ಷಣೆ' ಎಂಬುದು ತಪ್ಪು. ವಿಚಾರಣೆ ನಡೆದು ದಿವಾಳಿ ಎಂದು ಆದೇಶ ಆದ ಮೇಲೆಯೇ ಆಸ್ತಿ ರಿಸೀವರ್ (ಅದನ್ನು ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವವರು) ಕೈಗೆ ಹೋಗುವುದು, ಸಾಲ ಕೊಟ್ಟವರು ಅನುಮತಿ ಇಲ್ಲದೆ ದಾವೆ ಹಾಕುವಂತಿಲ್ಲ ಎಂಬ ತಡೆ ಬರುವುದು. ಬಂಧನದಿಂದ ರಕ್ಷಣೆ ಬೇಕಾದರೆ ಅದಕ್ಕೆ ಬೇರೆ ಅರ್ಜಿ, ಇದೇ 1920ರ ಕಾಯ್ದೆಯ ಸೆಕ್ಷನ್ 31ರಲ್ಲಿ. ಕೈಯಲ್ಲಿ ಉಳಿಯುವುದು ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣ, ಪಿಎಫ್, ಹೆಂಗಸರು ಧರ್ಮಾಚಾರದಂತೆ ತೆಗೆಯಲಾಗದ ಕರಿಮಣಿಯಂಥ ಒಡವೆ, ಹೀಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60 ಬಿಟ್ಟುಕೊಟ್ಟದ್ದು. ಅಂಗಡಿಯ ಮಾಲು ಅದರಲ್ಲಿ ಬರುವುದಿಲ್ಲ.

ಈಗ ದಾನಪತ್ರ. ಬರೆದುಕೊಟ್ಟ 2 ವರ್ಷದೊಳಗೆ ಅರ್ಜಿ ಹಾಕಿ ದಿವಾಳಿ ಎಂದು ಆದೇಶವಾದರೆ ರಿಸೀವರ್ ಅದನ್ನು ಸೆಕ್ಷನ್ 53ರಲ್ಲಿ ರದ್ದು ಮಾಡಿಸಬಹುದು. ಸಾಲ ಕೊಟ್ಟವರಿಗೆ ಸಿಗಬಾರದು ಎಂದೇ ವರ್ಗಾಯಿಸಿದ್ದು ಕಂಡರೆ ಸಾಲಮುಕ್ತಿಯ (ಉಳಿದ ಸಾಲದಿಂದ ಬಿಡುಗಡೆ ಕೊಡುವ ಆದೇಶದ) ಹೊತ್ತಿಗೆ ಅದೇ ಅಡ್ಡ ಬರುತ್ತದೆ. ಅರ್ಜಿಗೆ ಮೊದಲಿನ 3 ತಿಂಗಳಲ್ಲಿ ಬೇಕಾದವರೊಬ್ಬರಿಗೆ ಮಾತ್ರ ಸಾಲ ತೀರಿಸಿದ್ದನ್ನೂ ಸೆಕ್ಷನ್ 54ರಲ್ಲಿ ಪ್ರಶ್ನಿಸಬಹುದು. "ಮಾವನ ದುಡ್ಡು ಮೊದಲು ಕೊಟ್ಟುಬಿಡುವ" ಅಂತ ಮನೆಯಲ್ಲಿ ಮಾತು ಬರುವುದು ಸಹಜ, ಅದಕ್ಕೇ ಬರೆದೆ.

ಸೊಸೈಟಿ_ವಸೂಲಾತಿ_ಕಾಪು:
ಮೇಲಿನವರು ಹೇಳಿದ್ದು ಸರಿ. ನಿಮ್ಮ ಪಟ್ಟಿಯನ್ನು ಒಂದೊಂದಾಗಿ ನೋಡುವ.

ಗೃಹಸಾಲದ, ಚಿನ್ನದ ಸಾಲದ ವಸೂಲಿಗೆ ದಿವಾಳಿ ಆದೇಶದಿಂದ ತಡೆ ಇಲ್ಲ. ಅಡಮಾನ ಇಟ್ಟುಕೊಂಡವರ ಹಕ್ಕು ಹಾಗೆಯೇ ಉಳಿಯುತ್ತದೆ. ಬ್ಯಾಂಕ್ ಸರ್ಫೇಸಿ ಕಾಯ್ದೆಯಲ್ಲಿ (ಅಡಮಾನದ ಆಸ್ತಿಯಿಂದ ಸಾಲ ವಸೂಲು ಮಾಡುವ ಕಾಯ್ದೆ) 60 ದಿನದ ನೋಟಿಸ್ ಕೊಟ್ಟು ಮನೆಯ ಸ್ವಾಧೀನಕ್ಕೆ ಬರಬಹುದು. ಹರಾಜಿನಲ್ಲಿ ಬಂದದ್ದು ಸಾಲದಾಚೆ ಹೋದರೆ ಉಳಿದದ್ದು ರಿಸೀವರಿಗೆ, ಕಡಿಮೆ ಬಂದರೆ ಬಾಕಿಗೆ ಬ್ಯಾಂಕ್ ಕೂಡ ಉಳಿದವರ ಸಾಲಿನಲ್ಲಿ ನಿಲ್ಲುತ್ತದೆ.

ನನಗೆ ಹೆಚ್ಚು ಬೇಸರ ತರುವುದು ಜಾಮೀನುದಾರರ ವಿಷಯ. ಸಾಲಗಾರನಿಗೆ ಬಿಡುಗಡೆ ಸಿಕ್ಕಿದರೂ ಜಾಮೀನುದಾರನಿಗೆ ಸಿಗುವುದಿಲ್ಲ, ಸೆಕ್ಷನ್ 44 ಸ್ಪಷ್ಟವಾಗಿ ಹೇಳುತ್ತದೆ. ಸೊಸೈಟಿ ನೇರ ಅವರ ಮೇಲೆ ಹೋಗುತ್ತದೆ, ಅವರ ಸಂಬಳದಿಂದ ಕಡಿತ ಶುರುವಾಗುತ್ತದೆ. ಆ ಇಬ್ಬರನ್ನು ಈಗಲೇ ಕೂರಿಸಿ ಮಾತಾಡಿ. ನೋಟಿಸ್ ಬಂದ ಮೇಲೆ ಅವರಿಗೆ ಗೊತ್ತಾಗುವುದು ಅನ್ಯಾಯ.

ಕೈಸಾಲದ ಚೆಕ್ ಬೌನ್ಸ್ ಆದರೆ ಅದು ಚೆಕ್‌ಗೆ ಸಂಬಂಧಿಸಿದ ಬೇರೆ ಕಾಯ್ದೆಯ (ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್) ಸೆಕ್ಷನ್ 138ರ ಕ್ರಿಮಿನಲ್ ಪ್ರಕರಣ, ದಿವಾಳಿ ಅರ್ಜಿಯಿಂದ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ನೋಟಿಸ್ ಕೈಗೆ ಬಂದ ಮೇಲೆ ಹಣ ಕಟ್ಟಲು 15 ದಿನ ಇರುತ್ತದೆ. ಆ ಕವರನ್ನು ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಪ್ರಯೋಜನವಿಲ್ಲ, ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ತಲುಪಿದಂತೆಯೇ ನ್ಯಾಯಾಲಯ ನೋಡುತ್ತದೆ.

ಹಾಗಾದರೆ ಅರ್ಜಿಯಿಂದ ನಿಜವಾಗಿ ಕಡಿಮೆಯಾಗುವುದು ಕ್ರೆಡಿಟ್ ಕಾರ್ಡ್ ಬಾಕಿ ಮತ್ತು ಕೈಸಾಲದ ಸಿವಿಲ್ ಭಾಗ ಮಾತ್ರ. ಅಷ್ಟಕ್ಕೆ ಕಾಪುವಿನ ಜಾಗ ಒಪ್ಪಿಸುವುದು ಲಾಭವಾ ಎಂದು ಲೆಕ್ಕ ಹಾಕಿ ನೋಡಿ.

ಕಲ್ಸಂಕ_ಉಡುಪಿ:
ಜಾಮೀನುದಾರರ ವಿಷಯ ಯಾರೂ ಹೇಳಿರಲಿಲ್ಲ ಮಾರಾಯ್ರೆ. ಆದೇಶ ಆದರೆ ಅಲ್ಲಿಗೆ ಸಾಲ ಮುಗಿಯಿತಾ? ಮಕ್ಕಳ ಪ್ರಶ್ನೆಗೂ ಹೇಳಿ.

ಹಂಪನಕಟ್ಟೆ_ಕೋರ್ಟುರಸ್ತೆ:
ಮುಗಿಯುವುದಿಲ್ಲ. ದಿವಾಳಿ ಆದೇಶ ಬೇರೆ, ಸಾಲಮುಕ್ತಿಯ ಆದೇಶ ಬೇರೆ. ಎಷ್ಟು ಸಮಯದೊಳಗೆ ಸಾಲಮುಕ್ತಿಗೆ ಅರ್ಜಿ ಹಾಕಬೇಕೆಂದು ಮೊದಲ ಆದೇಶದಲ್ಲೇ ಬರೆದಿರುತ್ತದೆ. ಅದನ್ನು ತಪ್ಪಿಸಿದರೆ ದಿವಾಳಿ ಆದೇಶವೇ ರದ್ದಾಗಬಹುದು, ಆಗ ಸಾಲ ಕೊಟ್ಟವರೆಲ್ಲ ಪುನಃ ಬರುತ್ತಾರೆ. ಆಸ್ತಿಯಿಂದ ರೂಪಾಯಿಗೆ 50 ಪೈಸೆಯಷ್ಟೂ ಹುಟ್ಟದಿದ್ದರೆ, ಅದು ತನ್ನ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸಬೇಕು. ಅಂಗಡಿಯ ಲೆಕ್ಕಪುಸ್ತಕ ಸರಿಯಾಗಿ ಇಡದಿದ್ದದ್ದೂ ಅಡ್ಡ ಬರುತ್ತದೆ. ಸರಕಾರದ ಬಾಕಿ, ಮೋಸದಿಂದ ಆದ ಸಾಲ, ಹೆಂಡತಿ ಮಕ್ಕಳ ಜೀವನಾಂಶ, ಇವು ಸಾಲಮುಕ್ತಿ ಆದ ಮೇಲೂ ಹೋಗುವುದಿಲ್ಲ.

ಮಕ್ಕಳ ಓದಿಗೂ ಕೆಲಸಕ್ಕೂ ಇದರಿಂದ ತಡೆ ಇಲ್ಲ. ತಂದೆಯ ಸಾಲಕ್ಕೆ ಅವರು ಹೊಣೆಯಾಗುವುದು ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ, ತಾವೇ ಸಹಿ ಹಾಕಿದ್ದರೆ ಬೇರೆ ಮಾತು. ಸಾಲಮುಕ್ತಿ ಆಗುವವರೆಗೆ ಭಾವನವರು ಶಾಸಕ ಸ್ಥಾನಕ್ಕೆ ಅನರ್ಹರು, ಕಂಪನಿಯ ನಿರ್ದೇಶಕರಾಗುವಂತಿಲ್ಲ. ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಹೆಚ್ಚು ಕಡ ತಂದರೂ ಅಪರಾಧ.

ಸೊಸೈಟಿ_ವಸೂಲಾತಿ_ಕಾಪು:
ಅರ್ಜಿಗೆ ಮೊದಲು ಕಾರ್ಡ್ ಬಾಕಿಯನ್ನು ಲೋಕ ಅದಾಲತ್ತಿಗೆ ತರಲು ನೋಡಿ. ಅಲ್ಲಿ ಕೋರ್ಟ್ ಶುಲ್ಕ ಇಲ್ಲ, ಆದ ಒಪ್ಪಂದಕ್ಕೆ ಡಿಕ್ರಿಯ (ಕೋರ್ಟ್ ತೀರ್ಪಿನ) ಬಲ ಉಂಟು. ಬ್ಯಾಂಕಿನೊಂದಿಗೆ ನೇರ ಒಂದೇ ಕಂತಿನ ಇತ್ಯರ್ಥ ಮಾಡುವುದಾದರೆ ಮೊತ್ತ, ಕೊನೆಯ ದಿನ, ಉಳಿದದ್ದು ಬಿಟ್ಟ ಮಾತು ಮೂರೂ ಪತ್ರದಲ್ಲಿ ಬಂದ ಮೇಲೆಯೇ ಹಣ ಕಟ್ಟಿ. ಫೋನಿನಲ್ಲಿ ಏಜೆಂಟ್ ಹೇಳಿದ್ದನ್ನು ನಂಬಬೇಡಿ. ಕ್ರೆಡಿಟ್ ವರದಿಯಲ್ಲಿ 'ಸೆಟಲ್ಡ್' ಎಂದು ಬರುತ್ತದೆ, ಮುಂದಿನ ಸಾಲಕ್ಕೆ ಅದು ತೊಡಕೇ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಿದರೆ ಅದು ರಿಸರ್ವ್ ಬ್ಯಾಂಕ್ ನಿಯಮದ ಉಲ್ಲಂಘನೆ, ಬ್ಯಾಂಕಿಗೆ ಲಿಖಿತ ದೂರು ಕೊಡಿ.

ವಕೀಲರ ಹತ್ತಿರ ಹೋಗುವಾಗ ಎಲ್ಲ ಸಾಲದ ಸ್ಟೇಟ್‌ಮೆಂಟ್, ಕಾಪು ಜಾಗದ ಆರ್‌ಟಿಸಿ, ಕೊಟ್ಟ ಚೆಕ್‌ಗಳ ನಂಬ್ರ, ಕಳೆದ 2 ವರ್ಷದಲ್ಲಿ ಮಾರಿದ ಅಥವಾ ಬರೆದುಕೊಟ್ಟ ಆಸ್ತಿಯ ವಿವರ ಒಟ್ಟಿಗೆ ಕೊಂಡುಹೋಗಿ. ವಕೀಲರ ಫೀಸಿಗೆ ಕಷ್ಟವಾದರೆ ಉಡುಪಿ ನ್ಯಾಯಾಲಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಹೆಂಗಸರಿಗೆ ಅಲ್ಲಿ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ, ಅಕ್ಕ ಎಲ್ಲಿಯಾದರೂ ಸಹಸಾಲಗಾರರಾಗಿ ಸಹಿ ಹಾಕಿದ್ದರೆ ಅವರೇ ಅರ್ಜಿ ಕೊಡಬಹುದು.