ಅಪ್ಪನ ಸೈಕಲ್‌ಗೆ ಹೊಸ ಫೋರ್ಕ್: ಅಳತೆ ಎಲ್ಲಿ ತಪ್ಪಿತು?

ಅಪ್ಪ ಓಡಿಸುತ್ತಿದ್ದ ಸ್ಟೀಲ್ ಸೈಕಲ್ ಈಗ ನನ್ನ ಹತ್ತಿರ ಇದೆ. ಹೋದ ತಿಂಗಳು ಮುಂದಿನ ಚಕ್ರ ಗುಂಡಿಗೆ ಬಿದ್ದು ಫೋರ್ಕ್, ಅಂದರೆ ಆ ಚಕ್ರವನ್ನು ಹಿಡಿಯುವ ಕವಲು, ಹಿಂದಕ್ಕೆ ಬಾಗಿತು. ಹ್ಯಾಂಡಲ್‌ನ ರಾಡು ಫೋರ್ಕಿನ ಕೊಳವೆಯೊಳಗೆ ಇಳಿಯುವ ಹಳೇ ಮಾದರಿ, ಮೇಲೆ ನಟ್ ಹಾಕಿ ಬಿಗಿಯುವಂಥದ್ದು. “26 ಇಂಚಿನ ಫೋರ್ಕ್ ಕೊಡಿ” ಎಂದಷ್ಟೇ ಹೇಳಿ ಒಂದನ್ನು ತಂದೆ. ಕೊಳವೆ ಫ್ರೇಮಿನೊಳಗೆ ಸಲೀಸಾಗಿ ಹೋಯಿತು. ಆದರೆ ಹಳೇ ಫೋರ್ಕಿನ ಬುಡದಲ್ಲಿದ್ದ ಬೇರಿಂಗ್ ರಿಂಗ್ ಹೊಸದರ ಮೇಲೆ ಕೂರುತ್ತಲೇ ಇಲ್ಲ. ಅದನ್ನು ಹಾಗೇ ಅರ್ಧಂಬರ್ಧ ಇಟ್ಟು ಜೋಡಿಸಿ ನೋಡಿದರೆ ಮೇಲಿನ ಲಾಕ್‌ನಟ್ ಎರಡೇ ಸುತ್ತು ಹಿಡಿಯುತ್ತದೆ. ರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬಹುದೇ? ಎರಡು ಸುತ್ತು ಸಾಕೇ? ಈ ಕೆಲಸ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

* * *

ದಯವಿಟ್ಟು ಬಡಿಯಬೇಡಿ. ನಾನು ಬಡಿದು ಕೆಡಿಸಿಕೊಂಡವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನದೂ ಇದೇ ಕಥೆ. ರಿಂಗ್ ಅರ್ಧ ಇಳಿದು ಒಂದು ಕಡೆ ಓರೆಯಾಗಿ ಸಿಕ್ಕಿಕೊಂಡಿತು. ಇನ್ನೆರಡು ಏಟು ಹಾಕಿದರೆ ಇಳಿದೀತು ಅಂದುಕೊಂಡೆ. ಮೂರನೇ ಏಟಿಗೆ ಸಣ್ಣಗೆ ಒಂದು ‘ಟಿಕ್’ ಸದ್ದು ಬಂತು. ಬಟ್ಟೆಯಲ್ಲಿ ಗ್ರೀಸ್ ಒರೆಸಿ ಬೆಳಕಿಗೆ ಹಿಡಿದಾಗ ಗುಂಡುಗಳು ಓಡುವ ಹಾದಿಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆ ಕಂಡಿತು. ಆ ರಿಂಗ್ ಗಟ್ಟಿ ಮಾಡಿದ ಉಕ್ಕು. ಅದು ಹಿಗ್ಗುವುದಿಲ್ಲ, ಸೀಳುತ್ತದೆ.

ನಿಮಗೆ ಆಗಿರುವುದು ಏನೆಂದರೆ, ಒಂದಿಂಚಿನ ಫೋರ್ಕ್‌ಗಳಲ್ಲಿ ಎರಡು ಪಂಗಡ ಇವೆ. ಎರಡರಲ್ಲೂ ಕೊಳವೆಯ ಹೊರಗಿನ ದಪ್ಪ 25.4 ಮಿ.ಮೀ., ಹಾಗಾಗಿ ಫ್ರೇಮಿನೊಳಗೆ ಎರಡೂ ಹೋಗುತ್ತವೆ. ಆದರೆ ಬುಡದಲ್ಲಿ ರಿಂಗ್ ಕೂರುವ ಜಾಗ ಒಂದರಲ್ಲಿ 26.4, ಇನ್ನೊಂದರಲ್ಲಿ 27.0 ಮಿ.ಮೀ. ಮೊದಲನೆಯದು ಐಎಸ್ಒ ಎಂಬ ಅಂತರರಾಷ್ಟ್ರೀಯ ಅಳತೆ, ಎರಡನೆಯದು ಜಪಾನಿನ ಅಳತೆಯಾದ ಜೆಐಎಸ್. ವ್ಯತ್ಯಾಸ ಬರೀ 0.6 ಮಿ.ಮೀ., ಕಣ್ಣಿಗೆ ಕಾಣುವುದೇ ಇಲ್ಲ. ನಿಮ್ಮ ರಿಂಗ್ 26.4ರದ್ದು, ಹೊಸ ಫೋರ್ಕ್ 27.0ರದ್ದು ಎಂದು ನನಗೆ ಅನಿಸುತ್ತದೆ. ವರ್ನಿಯರ್ ಕ್ಯಾಲಿಪರ್ ಇದ್ದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಸ್ಕೇಲಿನಿಂದ ಇದನ್ನು ಅಳೆಯಲು ಹೋಗಬೇಡಿ. ಸರಿಯಾದ ಜೋಡಿಯಲ್ಲಿ ಕೂರುವ ಜಾಗ ರಿಂಗಿನ ಒಳಸುತ್ತಿಗಿಂತ ತುಸುವೇ ದಪ್ಪ ಇರುತ್ತದೆ, ಬಿಗಿಯಾಗಿ ಇಳಿಯಲಿ ಎಂದು.

ಒಂದು ಸಮಾಧಾನ, ನೀವು ಸಿಕ್ಕಿಬಿದ್ದಿರುವುದು ಸರಿಪಡಿಸಬಹುದಾದ ಕಡೆ. ದಪ್ಪ ಇರುವ ಜಾಗವನ್ನು 27.0ರಿಂದ 26.4ಕ್ಕೆ ಕೆತ್ತಿ ಇಳಿಸುವ ಕಟರ್ ಇದೆ. ಫೋರ್ಕಿನ ಕೊಳವೆಗೆ ತೂರಿಸಿ ತಿರುಗಿಸುವಂಥದ್ದು. ಒಳ್ಳೆ ಸೈಕಲ್ ಮೆಕ್ಯಾನಿಕ್‌ಗಳ ಹತ್ತಿರ ಇರುತ್ತದೆ. ಅರ (ಫೈಲ್) ಹಿಡಿದು ನಾವೇ ಉಜ್ಜಿದರೆ ಸುತ್ತು ಸಮ ಬರುವುದಿಲ್ಲ, ಹ್ಯಾಂಡಲ್ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಆಗುತ್ತದೆ. ಕಷ್ಟ ಇರುವುದು ಉಲ್ಟಾ ಆದಾಗ: ಫೋರ್ಕ್ 26.4, ರಿಂಗ್ 27.0 ಆದರೆ ರಿಂಗ್ ಲೊಡಲೊಡ ಅನ್ನುತ್ತದೆ. ಆಗ ತಗಡು ಸುತ್ತುವುದು, ಅಂಟು ಹಾಕುವುದು ಯಾವುದೂ ನನಗೆ ಒಪ್ಪಿಗೆಯಿಲ್ಲ, ರಿಂಗನ್ನೇ ಬದಲಿಸಬೇಕು.

“ಹಾಗಾದರೆ ಹೊಸ ಫೋರ್ಕಿಗೆ ತಕ್ಕ ಹೊಸ ಹೆಡ್‌ಸೆಟ್ಟೇ (ರಿಂಗ್, ಕಪ್, ಗುಂಡು, ನಟ್ ಸೇರಿದ ಪೂರ್ತಿ ಬೇರಿಂಗ್ ಜೋಡಣೆ) ಹಾಕಿಬಿಡೋಣ” ಅನ್ನುವವರು ಇದ್ದಾರೆ. ಅಲ್ಲೂ ಜೋಪಾನ. ಫ್ರೇಮಿಗೆ ಒತ್ತಿ ಕೂರಿಸುವ ಕಪ್‌ಗಳ ಹೊರ ಅಳತೆಯೂ ಎರಡು ತರ, ಐಎಸ್ಒದಲ್ಲಿ 30.2, ಜೆಐಎಸ್‌ನಲ್ಲಿ 30.0 ಮಿ.ಮೀ. ಫೋರ್ಕನ್ನು ನೋಡಿ ಹೆಡ್‌ಸೆಟ್ ತಂದರೆ ಅದು ಫ್ರೇಮಿನಲ್ಲಿ ಸಡಿಲವಾದೀತು. ಹಳೇ ಕಪ್‌ಗೆ ಬೇರೆ ಕಂಪನಿಯ ರಿಂಗ್ ಹಾಕುವುದೂ ಬೇಡ, ಗುಂಡು ಓಡುವ ಬಾಗು ಎರಡಕ್ಕೂ ಹೊಂದಿರಬೇಕು.

ಎರಡು ಸುತ್ತು ಖಂಡಿತ ಸಾಲದು. ಲಾಕ್‌ನಟ್ಟಿನ ಒಳಗಿನ ಥ್ರೆಡ್ ಪೂರ್ತಿ ಹಿಡಿಯಬೇಕು. ಆದರೆ ರಿಂಗ್ ಇನ್ನೂ ಪೂರಾ ಇಳಿದಿಲ್ಲ ಎಂದಿದ್ದೀರಿ, ಅದು ಎಷ್ಟು ಮೇಲೆ ನಿಂತಿದೆಯೋ ಅಷ್ಟು ಉದ್ದ ಮೇಲೆ ಕಡಿಮೆ ಬೀಳುತ್ತದೆ. ಆದ್ದರಿಂದ ಜೋಡಿಸಿ ನೋಡಿ ತೀರ್ಮಾನ ಮಾಡಬೇಡಿ. ಹಳೇದು ಹೊಸದು ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಮಲಗಿಸಿ, ರಿಂಗ್ ಕೂರುವ ಮೆಟ್ಟಿಲಿನಿಂದ ಕೊಳವೆಯ ತುದಿಯವರೆಗೆ ಅಳೆದು ಹೇಳಿ. ಬಾಗಿರುವುದು ಕಾಲುಗಳು ತಾನೇ, ಕೊಳವೆ ನೇರ ಇದ್ದರೆ ಹಳೇದರ ಅಳತೆ ನಂಬಬಹುದು. ಲೆಕ್ಕ ಸುಲಭ: ಫ್ರೇಮಿನ ಹೆಡ್ ಟ್ಯೂಬ್ (ಫೋರ್ಕಿನ ಕೊಳವೆ ತೂರುವ ಮುಂದಿನ ಗಿಡ್ಡ ಪೈಪು) ಉದ್ದ, ಅದಕ್ಕೆ ಹೆಡ್‌ಸೆಟ್ ಮೇಲೂ ಕೆಳಗೂ ತಿನ್ನುವ ಎತ್ತರ ಕೂಡಿಸಿ.

* * *

ಅಳತೆಗಿಂತ ಮೊದಲು ಇನ್ನೊಂದು ನೋಡಿ. ಫೋರ್ಕ್ ಹಿಂದಕ್ಕೆ ಬಾಗುವಷ್ಟು ಪೆಟ್ಟು ಬಿದ್ದಿದ್ದರೆ ಫ್ರೇಮಿಗೂ ಬಿದ್ದಿರಬಹುದು. ಹೆಡ್ ಟ್ಯೂಬಿನ ಹಿಂದೆ, ಕೆಳಗಿನ ಪೈಪಿನ ತಳಭಾಗಕ್ಕೆ ಬೆರಳು ಸವರಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಬಣ್ಣ ಸುಕ್ಕುಗಟ್ಟಿದ್ದರೆ, ಚಕ್ಕೆ ಎದ್ದಿದ್ದರೆ ಅದೇ ಗುರುತು. ಹಾಗಿದ್ದರೆ ಮೊದಲು ಫ್ರೇಮ್ ತೋರಿಸಿ, ಹೊಸ ಫೋರ್ಕಿನ ಮಾತು ಆಮೇಲೆ. ನನ್ನ ತಂಗಿಯ ಸೈಕಲ್‌ನಲ್ಲಿ ಇದನ್ನು ನೋಡದೆ ಫೋರ್ಕ್ ಬದಲಿಸಿದ್ದೆವು. ಪೆಡಲ್ ಮಾಡುವಾಗ ತಿರುವಿನಲ್ಲಿ ಅವಳ ಪಾದ ಮುಂದಿನ ಮಡ್‌ಗಾರ್ಡ್‌ಗೆ ತಾಗುತ್ತಿತ್ತು. ಚಕ್ರ ಅಷ್ಟು ಹಿಂದೆ ಸರಿದಿತ್ತು, ಫ್ರೇಮೇ ಬಾಗಿದ್ದರಿಂದ.

* * *

“26 ಇಂಚು” ಅನ್ನುವ ಮಾತಿನ ಬಗ್ಗೆ ನನ್ನದೊಂದು. ಅದು ಟೈರ್ ಸೇರಿ ಚಕ್ರದ ಹೊರ ಅಳತೆ, ಅದೂ ಸುಮಾರಾಗಿ. ರಿಮ್ಮಿನ ಅಳತೆ ಬೇರೆ ಬೇರೆ ಇರುತ್ತದೆ. ಮೌಂಟನ್ ಬೈಕ್‌ನ 26 ಅಂದರೆ ರಿಮ್ 559, ಹಳೇ 26 × 1⅜ ಅಂದರೆ 590. ನಿಜವಾದ ಸಂಖ್ಯೆ ಟೈರಿನ ಪಕ್ಕೆಯಲ್ಲಿ 37-590 ಅನ್ನುವ ತರ ಅಚ್ಚಾಗಿರುತ್ತದೆ, ಓದಿಕೊಳ್ಳಿ. ಟೈರಿನ ಹೊರ ಅಂಚು ಹೆಚ್ಚುಕಡಿಮೆ ಒಂದೇ ಬರುವುದರಿಂದ ಚಕ್ರ ಫೋರ್ಕಿನೊಳಗೆ ತಿರುಗುತ್ತದೆ, ನಾವೂ ಸರಿಹೋಯಿತು ಅಂದುಕೊಳ್ಳುತ್ತೇವೆ. ಆದರೆ ಬ್ರೇಕ್ ಕಟ್ಟೆ ಮುಟ್ಟುವ ಜಾಗ 15.5 ಮಿ.ಮೀ. ಮೇಲೆ ಕೆಳಗೆ ಆಗಿಹೋಗಿರುತ್ತದೆ. ಕಟ್ಟೆ ಟೈರಿಗೆ ಉಜ್ಜಿದರೆ ಟೈರ್ ಸೀಳುತ್ತದೆ, ರಿಮ್ಮಿನ ಕೆಳಗೆ ಜಾರಿದರೆ ಕಡ್ಡಿಗೆ ಸಿಕ್ಕಿಕೊಂಡು ಚಕ್ರ ನಿಂತುಬಿಡುತ್ತದೆ. ಬ್ರೇಕಿನ ಬೋಲ್ಟ್ ತೂತಿನಿಂದ ರಿಮ್ಮಿನ ಪಕ್ಕೆಯ ನಡುಮಧ್ಯಕ್ಕೆ ಎಷ್ಟು ದೂರ ಎಂದು ಹೊಸ ಫೋರ್ಕಿನಲ್ಲಿ ಅಳೆದು, ನಿಮ್ಮ ಬ್ರೇಕ್ ಅಷ್ಟು ಉದ್ದಕ್ಕೆ ಬರುತ್ತದೋ ನೋಡಿ. ವಿ-ಬ್ರೇಕ್ (ಚಕ್ರದ ಎರಡೂ ಪಕ್ಕ ಒಂದೊಂದು ತೋಳು ನಿಲ್ಲುವಂಥದ್ದು) ಆದರೆ ತೋಳು ಕೂರುವ ಗೂಟಗಳು ಫೋರ್ಕಿಗೇ ಬೆಸೆದಿರುತ್ತವೆ, ಹೊಂದಿಸಿಕೊಳ್ಳಲು ಜಾಗವೇ ಇಲ್ಲ.

ಚಕ್ರದ ನಡುವಿನ ಹಬ್ಬಿನ ಅಗಲ ಕೂಡ ನೋಡಿಬಿಡಿ. ಈಗಿನ ಸಾಮಾನ್ಯ ಫೋರ್ಕಿನ ಕಾಲುಗಳ ನಡುವೆ ತಳದಲ್ಲಿ 100 ಮಿ.ಮೀ. ಇರುತ್ತದೆ, ಹಳೇ ಹಬ್ ಅದಕ್ಕಿಂತ ಕಿರಿದಾಗಿರಬಹುದು. ನಟ್ ಬಿಗಿದು ಕಾಲುಗಳನ್ನು ಎಳೆದು ಹತ್ತಿರ ತರಬೇಡಿ, ಆಕ್ಸಲ್ಲಿಗೆ ವಾಷರ್ ತೊಡಿಸಿ ಅಂತರ ತುಂಬಿ.

* * *

ಹ್ಯಾಂಡಲ್ ರಾಡಿನ ದಪ್ಪ ಯಾರೂ ಹೇಳಲಿಲ್ಲ. ಒಂದಿಂಚಿನ ಕೊಳವೆಯೊಳಗೆ ಸಾಮಾನ್ಯವಾಗಿ 22.2 ಮಿ.ಮೀ. ರಾಡು ಹೋಗುತ್ತದೆ. ಗೋಡೆ ದಪ್ಪ ಇರುವ ಕೆಲವು ಫೋರ್ಕ್‌ಗಳಲ್ಲಿ 21.1 ಮಾತ್ರ. ದೊಡ್ಡದು ಹೋಗದಿದ್ದರೆ ಅಲ್ಲಿಗೇ ಗೊತ್ತಾಗುತ್ತದೆ. ಅಪಾಯ ಇರುವುದು 22.2ರ ಕೊಳವೆಗೆ 21.1ರ ರಾಡು ಇಳಿಸಿದಾಗ. ಬಿಗಿದಂತೆ ಅನಿಸುತ್ತದೆ, ಆದರೆ ನಡುರಸ್ತೆಯಲ್ಲಿ ಹ್ಯಾಂಡಲ್ ತಿರುಗಿದರೂ ಚಕ್ರ ನೇರಕ್ಕೇ ಹೋಗುತ್ತದೆ. ಜೋಡಿಸಿದ ಮೇಲೆ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ಜೋರಾಗಿ ತಿರುಚಿ ನೋಡಿ. ರಾಡಿನ ತುದಿಯ ಬೆಣೆ ಕೊಳವೆಯ ಥ್ರೆಡ್ ಇರುವ ಭಾಗ ದಾಟಿ ಕೆಳಗೆ ಇಳಿದಿರಬೇಕು. ಥ್ರೆಡ್ ಕೆತ್ತಿದ ಕಡೆ ಗೋಡೆ ತೆಳುವಾಗಿರುತ್ತದೆ, ಬೆಣೆ ಅಲ್ಲೇ ಹಿಗ್ಗಿದರೆ ಕೊಳವೆ ಉಬ್ಬಿ ಬಿರಿಯುತ್ತದೆ.

ಥ್ರೆಡ್ ಕೂಡ ಎಲ್ಲದರದ್ದೂ ಒಂದೇ ಅಲ್ಲ. ಒಂದಿಂಚಿನದಕ್ಕೆ ಸಾಮಾನ್ಯವಾಗಿ ಇಂಚಿಗೆ 24 ಎಳೆ, ಹಳೇ ರ್ಯಾಲಿ (Raleigh) ಕಂಪನಿಯ ಸೈಕಲ್‌ಗಳಲ್ಲಿ 26. ಹಳೇ ನಟ್ಟುಗಳು ಹೊಸ ಫೋರ್ಕಿನಲ್ಲಿ ಕೈಯಲ್ಲೇ ಸಲೀಸಾಗಿ ತಿರುಗುತ್ತಿಲ್ಲವಾದರೆ ಪಾನಾ ಹಾಕಿ ಬಲವಂತ ಮಾಡಬೇಡಿ.

* * *

ಇದನ್ನು ಓದಿ ಸಸ್ಪೆನ್ಷನ್ ಫೋರ್ಕ್ ಹಾಕೋಣ ಅಂದುಕೊಳ್ಳುವವರಿಗೆ: ಆಕ್ಸಲ್‌ನಿಂದ ರಿಂಗ್ ಕೂರುವ ಜಾಗದವರೆಗಿನ ಎತ್ತರ ಅಳೆಯಿರಿ. ಸುಮಾರು 20 ಮಿ.ಮೀ. ಎತ್ತರ ಹೆಚ್ಚಿದರೆ ಹೆಡ್ ಟ್ಯೂಬ್ ಒಂದು ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ. ನಾನು 60 ಮಿ.ಮೀ. ಎತ್ತರದ್ದು ಹಾಕಿ, ಏರು ಹತ್ತುವಾಗ ಮುಂದಿನ ಚಕ್ರ ಹಾವಿನಂತೆ ಅತ್ತಿತ್ತ ಹೊರಳುವುದನ್ನು ಅನುಭವಿಸಿದ್ದೇನೆ. ಹಳೇ ಫ್ರೇಮುಗಳು ಅದಕ್ಕಾಗಿ ಮಾಡಿದವಲ್ಲ. ಇನ್ನು 28.6 ಮಿ.ಮೀ. ಕೊಳವೆಯ, ಥ್ರೆಡ್ ಇಲ್ಲದ ಹೊಸ ಕಾಲದ ಫೋರ್ಕುಗಳಲ್ಲಿ ಮೊದಲು ಹೆಡ್‌ಸೆಟ್, ಸ್ಪೇಸರ್ (ಎತ್ತರ ತುಂಬುವ ಬಳೆ), ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಎಲ್ಲ ಜೋಡಿಸಿ ಸ್ಟೆಮ್ಮಿನ ಮೇಲಂಚಿಗೆ ಗುರುತು ಹಾಕಿ, ಅದಕ್ಕಿಂತ 3 ಮಿ.ಮೀ. ಕೆಳಗೆ ಕತ್ತರಿಸಬೇಕು. ಉದ್ದ ಉಳಿದರೆ ಸ್ಪೇಸರ್ ಹಾಕಬಹುದು. ಗಿಡ್ಡವಾದರೆ ಆ ಫೋರ್ಕ್ ಹೋಯಿತು.

* * *

ಪ್ರಶ್ನೆ ಕೇಳಿದವಳು ನಾನು. ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಪೂರ್ತಿ ಅಳೆದೆ.

ಕೆಳಗಿನ ಪೈಪಿಗೆ ಬೆರಳು ಸವರಿದೆ, ಉಬ್ಬು ಇಲ್ಲ, ಬಣ್ಣವೂ ಹಾಗೇ ಇದೆ. ಹಳೇ ಫೋರ್ಕಿನಲ್ಲಿ ರಿಂಗ್ ಕೂರುವ ಜಾಗ 26.5, ಹೊಸದರಲ್ಲಿ 27.1. ನೀವು ಹೇಳಿದ್ದೇ ನಿಜ. ಕೊಳವೆ ಹಳೇದು 171 ಮಿ.ಮೀ., ಹೊಸದು 169. ಟೈರಿನ ಮೇಲೆ 37-590 ಎಂದಿದೆ, ಬ್ರೇಕ್ ಕಟ್ಟೆಯನ್ನು ಬ್ರೇಕಿನ ತೋಳಲ್ಲಿರುವ ಸೀಳಿನ ತೀರಾ ತಳಕ್ಕೆ ಇಳಿಸಿದರೆ ರಿಮ್ಮಿಗೆ ಸರಿಯಾಗಿ ತಾಗುತ್ತದೆ. ರಾಡು 22.2, ಸರಿಯಾಗಿದೆ. ಈಗ ಉಳಿದಿರುವುದು 2 ಮಿ.ಮೀ. ಕೊರತೆ. ಇಷ್ಟಕ್ಕೆ ವಾಪಸ್ ಕೊಡಬೇಕೇ?

* * *

ಲಾಕ್‌ನಟ್ಟಿನ ಕೆಳಗೆ ಏನೇನಿದೆ ನೋಡಿ ಹೇಳಿ. ಹಳೇ ಸೈಕಲ್‌ಗಳಲ್ಲಿ ಲ್ಯಾಂಪ್ ಸಿಕ್ಕಿಸುವ ಪಟ್ಟಿ ಅಲ್ಲೇ ಕೂತಿರುತ್ತದೆ. ಅದನ್ನು ತೆಗೆಯಬಹುದು. ಆದರೆ ಒಳಗೆ ಸಣ್ಣ ನಾಲಿಗೆ ಇರುವ ವಾಷರ್ ಇರುತ್ತದೆ, ಅದನ್ನು ತೆಗೆಯಬೇಡಿ. ಲಾಕ್‌ನಟ್ ಬಿಗಿಯುವಾಗ ಅದರ ಕೆಳಗೇ ಇರುವ ಥ್ರೆಡ್ಡಿನ ಕಪ್ ಕೂಡ ಜೊತೆಗೆ ತಿರುಗಿ ಗುಂಡು ಬಿಗಿಯಾಗದಂತೆ ಅದು ಕಾಯುತ್ತದೆ. ಹೊಸ ಫೋರ್ಕಿನ ಥ್ರೆಡ್ ಮೇಲೆ ಆ ನಾಲಿಗೆಗೆ ಗೀರು ಇದೆಯೋ ನೋಡಿಕೊಳ್ಳಿ. ಗುಂಡುಗಳನ್ನೂ ಹೊಸದು ಹಾಕಿ, ಒಂದಿಂಚಿನ ಹೆಡ್‌ಸೆಟ್‌ಗೆ ಸಾಮಾನ್ಯವಾಗಿ 5/32 ಇಂಚಿನವು. ಬಿಡಿ ಗುಂಡಾದರೆ ಕಪ್ ತುಂಬಾ ಜೋಡಿಸಿ ಒಂದನ್ನು ತೆಗೆದುಬಿಡಿ.

* * *

ಇತ್ತು! ಲ್ಯಾಂಪ್ ಪಟ್ಟಿ ಎರಡೂವರೆ ಮಿ.ಮೀ. ದಪ್ಪ. ಮೆಕ್ಯಾನಿಕ್ ಕಟರ್ ಹಾಕಿ ಬುಡ ಇಳಿಸಿಕೊಟ್ಟರು, ರಿಂಗ್ ಉದ್ದನೆ ಪೈಪಿನ ನಾಲ್ಕು ಹಗುರ ಏಟಿಗೆ ಸಮನಾಗಿ ಕೂತಿತು, ಸುತ್ತಲೂ ಉಗುರು ಹೋಗುವಷ್ಟೂ ಸಂದಿಲ್ಲ. ಲಾಕ್‌ನಟ್ ಪೂರ್ತಿ ಹಿಡಿದಿದೆ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದೆ, ಕಟಕಟ ಸದ್ದಿಲ್ಲ. ಚಕ್ರ ಎತ್ತಿ ಹಿಡಿದರೆ ಹ್ಯಾಂಡಲ್ ತಾನಾಗೇ ಪಕ್ಕಕ್ಕೆ ತಿರುಗುತ್ತದೆ, ಎಲ್ಲೂ ಬಿಗಿ ಇಲ್ಲ. ಅಪ್ಪನ ಲ್ಯಾಂಪನ್ನು ಹ್ಯಾಂಡಲ್‌ಗೆ ಕ್ಲಿಪ್ ಹಾಕಿ ಕಟ್ಟಿದ್ದೇನೆ, ನಾಳೆ ಬೆಳಿಗ್ಗೆ ನಿಧಾನಕ್ಕೆ ಒಂದು ಸುತ್ತು ಹೋಗಿಬಂದು ನಟ್ಟುಗಳನ್ನು ಮತ್ತೊಮ್ಮೆ ನೋಡುತ್ತೇನೆ.